ಶರತ್ಕಾಲದ ಹಣ್ಣು ಆಯುವುದು, ಮನೆಯಲ್ಲೇ ಬಳಸಿ ಮುಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿ ಸೀಮೆಗಳಲ್ಲಿ ಬೇಸಿಗೆ ಮುಗಿದು ಎಲೆ ಬಣ್ಣ ತಿರುಗುವ ಹೊತ್ತಿಗೆ ಸೇಬು, ಪೇರ್, ಪ್ಲಮ್, ಪೇರ್ ಹೋಲುವ ಗಟ್ಟಿ ಹಣ್ಣಾದ ಕ್ವಿನ್ಸ್, ಬೇಲಿಸಾಲಿನ ಬ್ಲ್ಯಾಕ್‌ಬೆರಿ, ಕಾಡುಗುಲಾಬಿಯ ಕಾಯಿ ಎಲ್ಲವೂ ಒಟ್ಟೊಟ್ಟಿಗೆ ಹಣ್ಣಾಗುತ್ತವೆ. ಹಿತ್ತಲಲ್ಲಿ ಮರ ಇದ್ದವರಿಗೆ, ಪಕ್ಕದ ಮನೆಯವರು ಬಾಗಿಲಲ್ಲಿ ಚೀಲ ಇಟ್ಟುಹೋದವರಿಗೆ, ನಡೆದಾಡುವ ದಾರಿಯಲ್ಲಿ ಕಾಯಿ ತುಂಬಿದ ಪೊದೆ ಕಂಡು ಕೈ ಚಾಚಿದವರಿಗೆ ಸಾಮಾನ್ಯವಾಗಿ ಏಳುವ ಪ್ರಶ್ನೆಗಳು ಇಲ್ಲಿವೆ. ಹಣ್ಣು ಕೀಳುವುದು ಸುಲಭ. ಕಿತ್ತು ತಂದ ಮೇಲಿನ ಎರಡು ದಿನ ಏನು ಮಾಡುತ್ತೀರಿ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಅದಕ್ಕೇ ಇಲ್ಲಿನ ಉತ್ತರಗಳಲ್ಲಿ ಮರಕ್ಕಿಂತ ಅಡುಗೆಮನೆಯ ಮಾತೇ ಹೆಚ್ಚು.

ಹೊಸಬರು ಯಾವ ಹಣ್ಣಿನಿಂದ ಶುರು ಮಾಡಬೇಕು?

ಗುರುತು ತಪ್ಪುವುದು ಕಷ್ಟವಾದ ಹಣ್ಣಿನಿಂದ. ಸೇಬು, ಪೇರ್, ಬ್ಲ್ಯಾಕ್‌ಬೆರಿ ಈ ಮೂರೇ ಮೊದಲ ವರ್ಷಕ್ಕೆ ಧಾರಾಳವಾಯಿತು. ಬ್ಲ್ಯಾಕ್‌ಬೆರಿಯ ಒಂದೊಂದು ಹಣ್ಣೂ ಸಣ್ಣ ಸಣ್ಣ ಗುಳಿಗೆಗಳ ಗೊಂಚಲು. ಬಳ್ಳಿಯಂಥ ಕೊಂಬೆಯ ತುಂಬ ಮುಳ್ಳು. ಆ ಎರಡು ಲಕ್ಷಣ ಒಟ್ಟಿಗೆ ಇದ್ದರೆ ಬೇರೆ ವಿಷದ ಹಣ್ಣೆಂದು ಹೆದರಬೇಕಾಗಿಲ್ಲ. ಎರಡನೇ ವರ್ಷ ಕಾಡುಗುಲಾಬಿ, ಕಾಡುಸೇಬು, ಸ್ಲೋ (ಪ್ಲಮ್ ಜಾತಿಯ ಒಗರು ಕಾಡುಹಣ್ಣು). ಎಲ್ಡರ್‌ಬೆರಿ (ಎಲ್ಡರ್ ಗಿಡದ ಗೊಂಚಲಿನ ಸಣ್ಣ ಕಪ್ಪು ಹಣ್ಣು), ಕಾಡುದ್ರಾಕ್ಷಿಗಳನ್ನು ತಿಳಿದವರ ಜೊತೆ ನಿಂತು ನೋಡಿ ಕಲಿತ ಮೇಲೆ ಮಾತ್ರ ಮುಟ್ಟಿ.

ಒಂದು ಸಲಕ್ಕೆ ಎಷ್ಟು ಕೀಳಬೇಕು?

ಅಂದು ಸಂಜೆ ಮತ್ತು ಮರುದಿನ ಕೂತು ಮುಗಿಸಬಹುದಾದಷ್ಟು. ಇಲ್ಲಿ ಬಹುತೇಕರ ಲೆಕ್ಕ ತಲೆಕೆಳಗಾಗುತ್ತದೆ: ಮರದಲ್ಲಿ ಎಷ್ಟಿದೆ ಎಂದು ನೋಡಿ ಚೀಲ ತುಂಬುತ್ತಾರೆ, ಮನೆಯಲ್ಲಿ ಎಷ್ಟು ದೊಡ್ಡ ಪಾತ್ರೆ ಇದೆ ಎಂದು ನೋಡುವುದಿಲ್ಲ. ಸೇಬಿನ ಸಿಪ್ಪೆ ತೆಗೆದು, ನಡುಗಟ್ಟು ಕತ್ತರಿಸಿ, ಹೋಳು ಮಾಡುವುದು ನಿಧಾನದ ಕೆಲಸ. ಒಬ್ಬರೇ ಇದ್ದರೆ ಮೂರ್ನಾಲ್ಕು ಕಿಲೋಗೇ ಸೊಂಟ ಮಾತಾಡಲು ಶುರುಮಾಡುತ್ತದೆ. ಬ್ಲ್ಯಾಕ್‌ಬೆರಿ, ಎಲ್ಡರ್‌ಬೆರಿ ಥರದ ಮೆತ್ತನೆಯ ಹಣ್ಣಿಗೆ ಒಂದು ರಾತ್ರಿಯ ವ್ಯವಧಾನವೂ ಇಲ್ಲ. ಹಾಗಾಗಿ ಚಿಕ್ಕ ಚೀಲ ಒಯ್ಯಿರಿ, ಎರಡು ಸಲ ಹೋಗಿ. ಮರ ಎಲ್ಲಿಗೂ ಓಡಿಹೋಗುವುದಿಲ್ಲ.

ತಡವಾಗಿ ಹಣ್ಣಾಗುವ ಗಟ್ಟಿ ಸೇಬು, ಕ್ವಿನ್ಸ್, ಚಳಿಗಾಲದ ಪೇರ್ ಇವಕ್ಕೆ ಮಾತ್ರ ಈ ಮಿತಿ ಇಲ್ಲ. ಇಡಲು ತಂಪಾದ ಜಾಗ ಇದ್ದರೆ ಬುಟ್ಟಿಗಟ್ಟಲೆ ತರಬಹುದು.

ಯಾರದೋ ಜಾಗದ ಮರದಿಂದ ಕೀಳಬಹುದೇ?

ಕೇಳಿ ಕೀಳಿ. ಹಣ್ಣು ಉದುರಿ ಕೊಳೆಯುತ್ತಿದ್ದರೆ ಮಾಲೀಕರು ಬೇಡವೆನ್ನುವುದು ಕಡಿಮೆ. ಒಂದು ಬಾಟಲಿ ಜಾಮ್ ವಾಪಸು ಕೊಟ್ಟರೆ ಮುಂದಿನ ವರ್ಷ ಅವರೇ ಕರೆಯುತ್ತಾರೆ. ಸಾರ್ವಜನಿಕ ಜಾಗಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಕಾಡಿನ ಬೆರಿ ಆಯುವುದು ಎಲ್ಲರ ಹಕ್ಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1968ರ ಕಳ್ಳತನ ಕಾಯ್ದೆ, ಮಾರಾಟಕ್ಕಲ್ಲದೆ ತಾನೇ ಬೆಳೆದ ಕಾಡುಹಣ್ಣು ಕಿತ್ತರೆ ಅದನ್ನು ಕಳ್ಳತನವೆನ್ನುವುದಿಲ್ಲ. ಆದರೆ ಅನುಮತಿಯಿಲ್ಲದೆ ಒಳನುಗ್ಗುವುದು ಬೇರೆ ವಿಚಾರ. ಸಂರಕ್ಷಿತ ಅರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಕಾಯಿಯೂ ಮುಟ್ಟಬಾರದೆಂಬ ನಿಯಮ ಇರಬಹುದು. ಅಲ್ಲಿಯ ಫಲಕ ಓದಿ.

ಎಲ್ಲಿ ಕೀಳಬಾರದು?

ವಾಹನ ಸಂಚಾರ ಜೋರಾಗಿರುವ ರಸ್ತೆಯ ಅಂಚು, ಕಳೆನಾಶಕ ಸಿಂಪಡಿಸುವ ರೈಲುಹಳಿ ಪಕ್ಕ, ಹಳೆಯ ಕಾರ್ಖಾನೆ ಇದ್ದ ಜಾಗ, ಔಷಧಿ ಹೊಡೆದ ಹೊಲದ ಬದು. ನಾಯಿಗಳನ್ನು ಕರೆದುಕೊಂಡು ಓಡಾಡುವ ದಾರಿಯಲ್ಲಿ ಮೊಣಕಾಲಿಗಿಂತ ಕೆಳಗಿನ ಹಣ್ಣೂ ಬೇಡ, ಕಾರಣ ಹೇಳಬೇಕಿಲ್ಲ.

ಹಕ್ಕಿ ತಿನ್ನುವ ಹಣ್ಣನ್ನು ನಾವೂ ತಿನ್ನಬಹುದಲ್ಲವೇ?

ಇಲ್ಲ. ಈ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ಅಪಾಯದ್ದು. ಯೂ ಮರದ ಕೆಂಪು ಹಣ್ಣನ್ನೇ ನೋಡಿ: ಹೊರಗಿನ ಕೆಂಪು ತಿರುಳೊಂದನ್ನು ಬಿಟ್ಟು ಮರದ ಉಳಿದ ಭಾಗವೆಲ್ಲ ವಿಷ, ಒಳಗಿನ ಬೀಜ ಮಾರಕ. ಹಕ್ಕಿ ತಿರುಳನ್ನು ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಹೊರಹಾಕುತ್ತದೆ, ಅದಕ್ಕೇನೂ ಆಗುವುದಿಲ್ಲ. ಮನುಷ್ಯ ಅಗಿದು ನುಂಗುತ್ತಾನೆ. ‘ಸ್ವಲ್ಪ ನಾಲಿಗೆಗೆ ಮುಟ್ಟಿಸಿ ನೋಡು, ಕಹಿಯಿಲ್ಲದಿದ್ದರೆ ತಿನ್ನು’ ಎನ್ನುವುದೂ ಇದೇ ಜಾತಿಯ ಸಲಹೆ. ಬೆಲ್ಲಡೋನಾ ಎಂಬ ವಿಷಗಿಡದ ಹಣ್ಣು ಸಿಹಿಯಾಗಿಯೇ ಇರುತ್ತದೆ.

ಮೋಸ ಮಾಡುವ ವಿಷದ ಕಾಯಿಗಳನ್ನು ಹೇಗೆ ಗುರುತಿಸುವುದು?

ಹಣ್ಣೊಂದನ್ನೇ ನೋಡಿ ತೀರ್ಮಾನಿಸಬೇಡಿ. ಎಲೆ, ಕಾಂಡ, ಗೊಂಚಲು ತೂಗುವ ರೀತಿ, ಒಳಗಿನ ಬೀಜ ಎಲ್ಲವೂ ಹೊಂದಬೇಕು. ಒಂದು ಹೊಂದದಿದ್ದರೂ ಬಿಟ್ಟುಬಿಡಿ.

ಬೆಲ್ಲಡೋನಾದ ಹಣ್ಣು ಕಪ್ಪಗೆ ಹೊಳೆಯುತ್ತದೆ, ಒಂಟೊಂಟಿಯಾಗಿ ಬಿಡುತ್ತದೆ, ಬುಡದಲ್ಲಿ ಐದು ಮೂಲೆಯ ನಕ್ಷತ್ರದಂಥ ಹಸಿರು ದಳ ಹರಡಿಕೊಂಡಿರುತ್ತದೆ. ಅದರಲ್ಲಿರುವ ಅಟ್ರೊಪಿನ್ ಎಂಬ ವಿಷ ಮಕ್ಕಳಿಗೆ ಬಹಳ ಬೇಗ ತಟ್ಟುತ್ತದೆ. ಎಲ್ಡರ್‌ಬೆರಿ ಎಂದುಕೊಂಡು ಪೋಕ್‌ವೀಡ್ ಎಂಬ ವಿಷಗಿಡದ ಹಣ್ಣು ಕೀಳುವವರಿದ್ದಾರೆ: ಎಲ್ಡರ್‌ನ ಗೊಂಚಲು ಚಪ್ಪಟೆಯಾಗಿ ಕವಲೊಡೆದು ಹರಡಿರುತ್ತದೆ, ಪೋಕ್‌ವೀಡ್‌ನದು ಒಂದೇ ಉದ್ದ ದಂಟಿಗೆ ಸಾಲಾಗಿ ಪೋಣಿಸಿದ ಹಾಗಿರುತ್ತದೆ, ದಂಟು ಗಾಢ ಗುಲಾಬಿ ಕೆಂಪು. ಕಾಡುದ್ರಾಕ್ಷಿಗೆ ಎರಡು ವೇಷಧಾರಿಗಳು. ಮೂನ್‌ಸೀಡ್ ಬಳ್ಳಿಯ ಹಣ್ಣು ದ್ರಾಕ್ಷಿಯನ್ನೇ ಹೋಲುತ್ತದೆ, ಆದರೆ ಒಳಗೆ ಅರ್ಧಚಂದ್ರಾಕಾರದ ಒಂದೇ ಬೀಜ, ಎಲೆಯಂಚಿಗೆ ಗರಗಸದ ಹಲ್ಲಿಲ್ಲ, ಬಳ್ಳಿಗೆ ಸುತ್ತಿಕೊಳ್ಳುವ ತಂತುವಿಲ್ಲ. ವರ್ಜೀನಿಯಾ ಕ್ರೀಪರ್‌ನ ಎಲೆ ಐದು ಬೆರಳಿನ ಹಾಗೆ ಬಿಡಿ ಬಿಡಿ; ಅದರ ಕಾಯಿಯಲ್ಲಿ ಆಕ್ಸಲೇಟ್ ತುಂಬಿರುತ್ತದೆ, ಬಾಯಿ ಗಂಟಲು ಉರಿಯುತ್ತವೆ.

ಯಾರಾದರೂ ಗುರುತಿಲ್ಲದ ಕಾಯಿ ತಿಂದಿದ್ದರೆ ಲಕ್ಷಣ ಬರಲಿ ಎಂದು ಕಾಯಬೇಡಿ. ವಾಂತಿ ಮಾಡಿಸಲು ಹೋಗದೆ, ಆ ಗಿಡದ ಒಂದು ಕೊಂಬೆಯನ್ನು ಕಾಯಿ ಸಮೇತ ಹಿಡಿದು ವೈದ್ಯರ ಬಳಿ ಹೋಗಿ.

ಮೊಬೈಲ್ ಆ್ಯಪ್‌ನಲ್ಲಿ ಫೋಟೊ ತೆಗೆದು ನೋಡಿದರೆ ಸಾಲದೇ?

ಗಿಡದ ಹೆಸರು ಊಹಿಸಲು ಚೆನ್ನಾಗಿದೆ, ಬಾಯಿಗೆ ಹಾಕಿಕೊಳ್ಳಲು ಅಪ್ಪಣೆ ಕೊಡುವಷ್ಟಲ್ಲ. ಆ್ಯಪ್ ಕೊಟ್ಟ ಹೆಸರನ್ನು ಹಿಡಿದು ಸಸ್ಯ ಪುಸ್ತಕದಲ್ಲಿ ಲಕ್ಷಣಗಳನ್ನು ಒಂದೊಂದಾಗಿ ತಾಳೆ ನೋಡಿ.

ಹಣ್ಣು ಬಲಿತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಸೇಬನ್ನು ಅಂಗೈಯಲ್ಲಿ ಹಿಡಿದು ಮೇಲೆತ್ತಿ ಸ್ವಲ್ಪ ತಿರುಗಿಸಿ. ತೊಟ್ಟು ಸಲೀಸಾಗಿ ಬಿಟ್ಟರೆ ಬಲಿತಿದೆ. ಎಳೆದಾಡಬೇಕಾದರೆ ಇನ್ನೊಂದು ವಾರ ಬಿಡಿ. ಅನುಮಾನವಿದ್ದರೆ ಒಂದನ್ನು ಕೊಯ್ದು ನೋಡಿ, ಬೀಜ ಕಂದು ಬಣ್ಣಕ್ಕೆ ತಿರುಗಿರಬೇಕು. ಕೆಂಪು ಬಣ್ಣ ನಂಬಬೇಡಿ. ಬಿಸಿಲು ಬಿದ್ದ ಕಡೆ ಎಳೆಗಾಯಿಯೂ ಕೆಂಪಾಗುತ್ತದೆ.

ಪೇರ್ ವಿಚಾರ ಬೇರೆ. ಯುರೋಪಿನ ತಳಿಗಳು ಒಳಗಿನಿಂದ ಹೊರಗೆ ಹಣ್ಣಾಗುತ್ತವೆ. ಮರದಲ್ಲೇ ಮೆತ್ತಗಾಗಲಿ ಎಂದು ಬಿಟ್ಟರೆ ಹೊರಗೆ ಸರಿಯಿದ್ದು ನಡುವೆ ಕಂದಿ ಹಿಟ್ಟಾಗಿರುತ್ತದೆ. ಆದ್ದರಿಂದ ದೋರಗಾಯಿ ಇರುವಾಗಲೇ ಕಿತ್ತು ಒಳಗಿಟ್ಟು ಹಣ್ಣು ಮಾಡಬೇಕು. ದಿನಾ ತೊಟ್ಟಿನ ಬುಡದಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಅಲ್ಲಿ ಸ್ವಲ್ಪ ಒಳಗೆ ಹೋಯಿತೆಂದರೆ ಅಂದೇ ತಿನ್ನಬೇಕು. ಬ್ಲ್ಯಾಕ್‌ಬೆರಿ ಮಾತ್ರ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಪೂರ್ತಿ ಕಪ್ಪಾಗಿ, ಹೊಳಪು ತುಸು ಮಂಕಾಗಿ, ಮುಟ್ಟಿದರೆ ಕೈಗೆ ಬರುವಂಥದ್ದನ್ನೇ ಆಯಿರಿ.

ನೆಲಕ್ಕೆ ಉದುರಿದ ಹಣ್ಣು ಬಳಸಬಹುದೇ?

ಬೇಯಿಸುವುದಕ್ಕೆ ಖಂಡಿತ ಬಳಸಬಹುದು. ಹಸಿಯಾಗಿ ತಿನ್ನಲು, ಮುಖ್ಯವಾಗಿ ಕಾಯಿಸದ ರಸ ಹಿಂಡಲು ಬೇಡ. ಮರದ ಕೆಳಗೆ ಜಿಂಕೆ, ದನ, ಕುರಿ ಓಡಾಡಿದ್ದರೆ ಅವುಗಳ ಸಗಣಿಯಿಂದ ಇ. ಕೋಲಿ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿ ಹಣ್ಣಿಗೆ ಅಂಟಿರಬಹುದು. 1996ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೋಲಿ ಒ157 ಹರಡಿ ಹಲವರು ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಸೇಬು ಹುಳಿ ಇರುವುದರಿಂದ ರೋಗಾಣು ಬದುಕುವುದಿಲ್ಲ ಎಂಬ ಭರವಸೆ ಆಗಲೇ ಮುರಿದುಬಿತ್ತು. ಮನೆಯಲ್ಲಿ ರಸ ಹಿಂಡಿದರೆ ಕನಿಷ್ಠ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕುದಿ ಬರಿಸಿಬಿಡಿ. ರುಚಿ ಸ್ವಲ್ಪ ಮಾಗಿದಂತಾಗುತ್ತದೆ, ಆಗಲಿ.

ಉದುರಿದ್ದನ್ನು ಹೆಕ್ಕುವುದು ಬೆಳಗ್ಗೆ ಬೇಗ, ತಂಪಿರುವಾಗ ಒಳ್ಳೆಯದು. ಬಿಸಿಲೇರಿದ ಮೇಲೆ ಹುಳಿತ ಹಣ್ಣಿನ ಒಳಗೆ ಕಣಜಗಳು ಕೂತಿರುತ್ತವೆ, ಹೊರಗಿಂದ ಕಾಣುವುದೇ ಇಲ್ಲ. ಕಾಲಿಂದ ಒಮ್ಮೆ ಹೊರಳಿಸಿ, ಆಮೇಲೆ ಕೈ ಹಾಕಿ.

ಬೂಷ್ಟು ಹಿಡಿದ ಭಾಗ ಕತ್ತರಿಸಿ ಉಳಿದದ್ದು ಬಳಸಿದರೆ ಸಾಕೇ?

ಪೆಟ್ಟು ತಿಂದು ಕಂದಿದ್ದು ಬೇರೆ, ಕೊಳೆತದ್ದು ಬೇರೆ, ಬೂಷ್ಟು ಬೇರೆ. ಕಂದಿದ ಜಾಗವನ್ನು ಕೆತ್ತಿ ತೆಗೆದರೆ ಮುಗಿಯಿತು. ಬೂಷ್ಟು ಬಂದರೆ ಮಾತ್ರ ಎಚ್ಚರಿಕೆ ಬೇಕು. ಸೇಬಿಗೆ ಸಾಮಾನ್ಯವಾಗಿ ಹತ್ತುವ ನೀಲಿ-ಹಸಿರು ಪೆನಿಸಿಲಿಯಂ ಶಿಲೀಂಧ್ರ ಪ್ಯಾಟುಲಿನ್ ಎಂಬ ವಿಷ ತಯಾರಿಸುತ್ತದೆ. ಅದು ಬೂಷ್ಟು ಕಾಣುವ ಜಾಗದಿಂದ ಸುತ್ತಲ ತಿರುಳಿಗೂ ಇಳಿಯುತ್ತದೆ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಸೇಬಿನ ರಸದಲ್ಲಿ ಅದು ಕಿಲೋಗೆ 50 ಮೈಕ್ರೊಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಆಹಾರ ಮಾನದಂಡವೇ ಇದೆ. ರಸಕ್ಕೆ, ಮಕ್ಕಳ ಪ್ಯೂರಿಗೆ ಬೂಷ್ಟು ಹಿಡಿದ ಹಣ್ಣನ್ನು ಸೇರಿಸಲೇಬೇಡಿ. ಮೆತ್ತನೆಯ ಬೆರಿಗಳಲ್ಲಿ ಬೂಷ್ಟು ಕಂಡರೆ ಅದನ್ನೂ ಅದಕ್ಕೆ ತಾಗಿದವನ್ನೂ ಎಸೆಯಿರಿ. ‘ಅಯ್ಯೋ, ಹಾಳಾಗುತ್ತದಲ್ಲ’ ಎಂಬ ಸಂಕಟ ಇಲ್ಲಿ ಕೆಲಸಕ್ಕೆ ಬಾರದು. ಅದು ಆಗಲೇ ಹಾಳಾಗಿದೆ.

ಒಳಗೆ ಹುಳ ಸಿಕ್ಕಿದರೆ?

ಹುಳ ಕೊರೆದ ದಾರಿಯನ್ನು ಅದರ ಹಿಕ್ಕೆ ಸಮೇತ ಕೆತ್ತಿ ತೆಗೆಯಿರಿ, ಉಳಿದದ್ದು ಬೇಯಿಸಲು ಚೆನ್ನಾಗಿಯೇ ಇರುತ್ತದೆ. ಆದರೆ ಅಂಥದ್ದನ್ನು ಶೇಖರಿಸಿಡಬೇಡಿ. ಬ್ಲ್ಯಾಕ್‌ಬೆರಿಯೊಳಗಿನ ಸಣ್ಣ ಮರಿಗಳಿಗೆ ತಣ್ಣನೆಯ ಉಪ್ಪುನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಅವೇ ಹೊರಬರುತ್ತವೆ. ನೋಡದೆ ತಿಂದರೂ ಏನೂ ಆಗುವುದಿಲ್ಲ ಎಂಬುದು ಬೇರೆ ಮಾತು.

ತಂದ ಕೂಡಲೇ ತೊಳೆಯಬೇಕೇ?

ಬೇಡ. ಒದ್ದೆ ಹಣ್ಣಿಗೆ ಬೂಷ್ಟು ಬೇಗ ಹತ್ತುತ್ತದೆ. ಬಳಸುವ ಮುನ್ನ ತೊಳೆಯಿರಿ. ಉದುರಿದ ಹಣ್ಣನ್ನು ಮಾತ್ರ ಕತ್ತರಿಸುವ ಮೊದಲು ಹರಿಯುವ ನೀರಲ್ಲಿ ಚೆನ್ನಾಗಿ ಉಜ್ಜಬೇಕು.

ಮೇಜಿನ ಮೇಲೆ ರಾಶಿ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ?

ವಿಂಗಡಿಸುವುದರಿಂದ. ಒಲೆ ಹಚ್ಚುವ ಮೊದಲು ಎಲ್ಲವನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ. ಪೆಟ್ಟಿಲ್ಲದ, ತೊಟ್ಟು ಇರುವ, ಗಟ್ಟಿ ಹಣ್ಣು ಶೇಖರಣೆಗೆ. ಕಂದಿದ್ದು, ಹುಳ ಹೊಕ್ಕದ್ದು ಅಂದೇ ಸಂಜೆ ಪಾತ್ರೆಗೆ. ಪೂರ್ತಿ ಕಳಿತದ್ದು ಕೂಡಲೇ ತಿನ್ನಲು. ಕೊಳೆತದ್ದು ಗೊಬ್ಬರದ ಗುಂಡಿಗೆ. ಈ ಒಂದು ಗಂಟೆ ಉಳಿಸಿದರೆ ವಾರದ ಕೊನೆಗೆ ಅರ್ಧ ಬುಟ್ಟಿ ಕಳೆದುಕೊಳ್ಳುತ್ತೀರಿ, ಯಾಕೆಂದರೆ ಒಂದು ಕೊಳೆತ ಸೇಬು ಎಥಿಲೀನ್ ಅನಿಲ ಬಿಟ್ಟು ಪಕ್ಕದವನ್ನೂ ಬೇಗ ಹಣ್ಣುಮಾಡುತ್ತದೆ, ಶಿಲೀಂಧ್ರವನ್ನೂ ದಾಟಿಸುತ್ತದೆ.

ಮೊದಲ ದಿನದ ಕೆಲಸಕ್ಕೆ ಜಾಮ್‌ಗಿಂತ ಬೇಯಿಸಿದ ತಿರುಳೇ ವಾಸಿ. ಹೋಳುಗಳನ್ನು ತಳ ಹಿಡಿಯದಷ್ಟು ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಆರಿಸಿ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿ. ಸಕ್ಕರೆ ಬೇಕೆಂದೇನಿಲ್ಲ. ಮುಂದೆ ಬಿಡುವಿದ್ದಾಗ ಅದೇ ತಿರುಳು ಜಾಮ್ ಆಗುತ್ತದೆ, ಕೇಕಿಗೆ ಸೇರುತ್ತದೆ, ಬೆಳಗಿನ ಗಂಜಿಗೆ ಬೀಳುತ್ತದೆ. ಶರತ್ಕಾಲವೆಂದರೆ ಬಾಟಲಿಗಟ್ಟಲೆ ಜಾಮ್ ಎಂಬ ಚಿತ್ರ ಮನಸ್ಸಲ್ಲಿ ಕೂತಿದೆ. ಆದರೆ ಒಂದು ಮನೆ ವರ್ಷಕ್ಕೆ ಎಷ್ಟು ಜಾಮ್ ತಿಂದೀತು?

ಸೇಬನ್ನು ಎಷ್ಟು ಕಾಲ, ಹೇಗೆ ಇಡಬಹುದು?

ಬೇಸಿಗೆಯ ಕೊನೆಯಲ್ಲೇ ಹಣ್ಣಾಗುವ ತಳಿಗಳು ಹೆಚ್ಚು ತಡೆಯುವುದಿಲ್ಲ, ಒಂದೆರಡು ವಾರದಲ್ಲಿ ಹಿಟ್ಟುಹಿಟ್ಟಾಗುತ್ತವೆ. ತಡವಾಗಿ ಬರುವ ಗಟ್ಟಿ ತಳಿಗಳು ತಿಂಗಳುಗಟ್ಟಲೆ ಇರುತ್ತವೆ, ಕೆಲವು ಇಟ್ಟಷ್ಟೂ ರುಚಿಯಾಗುತ್ತವೆ. ಬೇಕಾದ್ದು ಕತ್ತಲೆ, ಗಾಳಿಯಾಟ, ತುಸು ತೇವ ಮತ್ತು 0ಯಿಂದ 4 ಡಿಗ್ರಿಯಷ್ಟು ತಂಪು. ಒಂದಕ್ಕೊಂದು ತಾಗದ ಹಾಗೆ ತಟ್ಟೆಯಲ್ಲಿ ಜೋಡಿಸಿ ಅಥವಾ ಒಂದೊಂದನ್ನೂ ಕಾಗದದಲ್ಲಿ ಸುತ್ತಿ. ಆಲೂಗಡ್ಡೆ, ಈರುಳ್ಳಿ ಪಕ್ಕದಲ್ಲಿ ಬೇಡ. ಸೇಬು ಅವುಗಳ ವಾಸನೆ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ತಟ್ಟೆ ನೋಡಿ, ಕೆಟ್ಟದ್ದನ್ನು ಎತ್ತಿ.

ಜಾಮ್ ಗಟ್ಟಿಯಾಗುವುದೇ ಇಲ್ಲ. ಏಕೆ?

ಮೂರು ಸೇರಬೇಕು: ಪೆಕ್ಟಿನ್, ಹುಳಿ, ಸಕ್ಕರೆ. ಪೆಕ್ಟಿನ್ ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಅಂಟು; ಬಿಸಿಯಲ್ಲಿ ಕರಗಿ ಹೊರಬಂದು, ಹುಳಿ ಮತ್ತು ಸಕ್ಕರೆಯ ನೆರವಿನಿಂದ ಬಲೆಯಂತೆ ಹೆಣೆದುಕೊಂಡು ರಸವನ್ನು ಹಿಡಿದಿಡುತ್ತದೆ. ಕಾಡುಸೇಬು, ಕ್ವಿನ್ಸ್, ಹುಳಿ ಸೇಬು, ದೋರಗಾಯಿ ಪ್ಲಮ್‌ಗಳಲ್ಲಿ ಅದು ಯಥೇಚ್ಛ. ಕಳಿತ ಪೇರ್, ಋತುವಿನ ಕೊನೆಯ ಬ್ಲ್ಯಾಕ್‌ಬೆರಿ, ಎಲ್ಡರ್‌ಬೆರಿಗಳಲ್ಲಿ ಕಡಿಮೆ. ಕಳಿತಷ್ಟೂ ಪೆಕ್ಟಿನ್ ಒಡೆದುಹೋಗುತ್ತದೆ. ‘ತಿನ್ನಲು ಆಗದಷ್ಟು ಹಣ್ಣಾಗಿದೆ, ಜಾಮ್ ಮಾಡೋಣ’ ಎಂದು ಹೊರಟವರ ಜಾಮ್ ನೀರಾಗುವುದು ಇದಕ್ಕೇ. ನಾಲ್ಕು ಪಾಲು ಹಣ್ಣಿಗೆ ಒಂದು ಪಾಲು ಇನ್ನೂ ಪೂರ್ತಿ ಬಲಿಯದ್ದನ್ನು ಬೆರೆಸಿ, ಅಥವಾ ಬ್ಲ್ಯಾಕ್‌ಬೆರಿಗೆ ಕಾಡುಸೇಬನ್ನು ಜೊತೆಮಾಡಿ. ನಿಂಬೆರಸ ಹುಳಿಯ ಕೊರತೆ ತುಂಬುತ್ತದೆ.

ಹಣ್ಣು ಪೂರ್ತಿ ಮೆತ್ತಗಾದ ಮೇಲೆಯೇ ಸಕ್ಕರೆ ಹಾಕಿ. ಮೊದಲೇ ಹಾಕಿದರೆ ಸಿಪ್ಪೆ ಗಟ್ಟಿಯಾಗಿ ಉಳಿಯುತ್ತದೆ. ಸಕ್ಕರೆ ಕರಗಿದ ಮೇಲೆ ಜೋರು ಉರಿ. ನೀರು ಕುದಿಯುವ ಉಷ್ಣತೆಗಿಂತ ನಾಲ್ಕು-ನಾಲ್ಕೂವರೆ ಡಿಗ್ರಿ ಮೇಲೇರಿದಾಗ ಹದ. ಸಮುದ್ರಮಟ್ಟದಲ್ಲಿ ಅದು 104-105 ಡಿಗ್ರಿ. ಎತ್ತರದ ಊರಲ್ಲಿ ನೀರೇ ಕಡಿಮೆ ಬಿಸಿಗೆ ಕುದಿಯುತ್ತದೆ, ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿ ಇಳಿಸಿ ಲೆಕ್ಕ ಹಾಕಿ. ಪುಸ್ತಕದ ಅಂಕಿಯನ್ನೇ ಹಿಡಿದು ಕೂತರೆ ಜಾಮ್ ಹೊತ್ತಿ ಮಿಠಾಯಿಯಾಗುತ್ತದೆ. ಥರ್ಮಾಮೀಟರ್ ಬೇಡವೆನ್ನುವವರು ಫ್ರೀಜರ್‌ನಲ್ಲಿಟ್ಟ ತಟ್ಟೆಗೆ ಒಂದು ಹನಿ ಹಾಕಿ, ನಿಮಿಷ ಬಿಟ್ಟು ಬೆರಳಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಆಯಿತು. ಈ ಪರೀಕ್ಷೆ ಮಾಡುವಾಗ ಒಲೆ ಆರಿಸಿರಬೇಕು.

ಸಕ್ಕರೆ ಅರ್ಧ ಮಾಡಬಹುದೇ?

ಮಾಡಬಹುದು, ಆದರೆ ಅದು ಬೇರೆಯೇ ವಸ್ತುವಾಗುತ್ತದೆ. ಸಾಮಾನ್ಯ ಜಾಮ್‌ನಲ್ಲಿ ಸಕ್ಕರೆ ಸುಮಾರು 60-65 ಶೇಕಡಾ ಇರುವುದರಿಂದಲೇ ಸೂಕ್ಷ್ಮಜೀವಿಗಳಿಗೆ ನೀರು ಸಿಗದೆ ಅದು ಕೆಡದೆ ನಿಲ್ಲುವುದು. ಕಡಿಮೆ ಮಾಡಿದರೆ ಗಟ್ಟಿಯಾಗುವುದೂ ಕಷ್ಟ, ತೆರೆದ ಮೇಲೆ ಬಾಳುವುದೂ ಕಷ್ಟ. ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ, ಇಲ್ಲವೇ ಫ್ರೀಜ್ ಮಾಡಿ.

ಬಾಟಲಿಯಲ್ಲಿ ತುಂಬಿಟ್ಟ ಹಣ್ಣಿನಿಂದ ಬೊಟುಲಿಸಮ್ ಬರುತ್ತದೆಯೇ?

ಬೊಟುಲಿಸಮ್ ಎಂದರೆ ಗಾಳಿಯಾಡದ ಬಾಟಲಿಯಲ್ಲಿ ಬೆಳೆಯಬಲ್ಲ ಒಂದು ಬ್ಯಾಕ್ಟೀರಿಯಾದ ವಿಷದಿಂದ ಬರುವ ಮಾರಕ ಕಾಯಿಲೆ. ಹುಳಿ ಹಣ್ಣಿನಲ್ಲಿ ಆ ಭಯ ತೀರ ಕಡಿಮೆ. ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಸೇಬು, ಪ್ಲಮ್, ಕ್ವಿನ್ಸ್, ಬ್ಲ್ಯಾಕ್‌ಬೆರಿ ಎಲ್ಲ ಆ ಕೆಳಗೇ ಬರುತ್ತವೆ. ಅಂಜೂರ, ಕಳಿತ ಪರ್ಸಿಮನ್ (ಟೊಮೆಟೊ ಹೋಲುವ ಕಿತ್ತಳೆ ಬಣ್ಣದ ಹಣ್ಣು), ಏಷ್ಯಾದ ಪೇರ್, ಎಲ್ಡರ್‌ಬೆರಿ ಮಾತ್ರ ಗಡಿಯಲ್ಲಿ ಅಥವಾ ಅದರ ಮೇಲೆ ಕೂತಿವೆ. ಇವನ್ನು ಬಾಟಲಿಗೆ ತುಂಬುವುದಾದರೆ ಪರೀಕ್ಷಿಸಿದ ಪಾಕವಿಧಾನದಲ್ಲಿ ಹೇಳಿದಷ್ಟು ನಿಂಬೆರಸ ಹಾಕಲೇಬೇಕು. ಅದು ರುಚಿಗಾಗಿ ಹಾಕುವುದಲ್ಲ, ಹಾಗಾಗಿ ಕೈಬಿಡಬಾರದು. ಗೊಂದಲವಿದ್ದರೆ ಫ್ರೀಜರ್.

ಬಾಟಲಿಗಳನ್ನು 10 ನಿಮಿಷ ನೀರಲ್ಲಿ ಕುದಿಸಿ, ಬಿಸಿ ಇರುವಾಗಲೇ ಬಿಸಿ ಜಾಮ್ ತುಂಬಿ, ಹೊಸ ಮುಚ್ಚಳ ಹಾಕಿ. ಮೇಲೆ ಮೇಣ ಸುರಿದು ಮುಚ್ಚುವ ಹಳೆಯ ಪದ್ಧತಿ ಬಿಟ್ಟುಬಿಡಿ, ಅಂಚಿನಲ್ಲಿ ಗಾಳಿ ನುಸುಳುತ್ತದೆ.

ಎಲ್ಡರ್‌ಬೆರಿಯನ್ನು ಹಸಿಯಾಗಿ ತಿನ್ನಬಹುದೇ?

ಬೇಡ. ಹಸಿ ಹಣ್ಣಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಎಲೆ, ದಂಟು, ಕಾಯಿಗಳಲ್ಲಿ, ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುಗಳಿವೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ ಕೊಂಬೆ ಸಮೇತ ಜಜ್ಜಿ ಹಿಂಡಿದ ರಸ ಕುಡಿದವರು ವಾಂತಿ, ತಲೆಸುತ್ತಿನಿಂದ ಆಸ್ಪತ್ರೆ ಸೇರಿದ್ದರು. ಗೊಂಚಲನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಡಬ್ಬಿಯೊಳಗೆ ಕುಲುಕಿ. ಹಣ್ಣು ದಂಟಿನಿಂದ ತಾನಾಗಿ ಉದುರುತ್ತದೆ. ಹಸಿರು ಕಾಯಿ ಆರಿಸಿ ತೆಗೆದು, ಉಳಿದದ್ದನ್ನು ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ ಬಳಸಿ.

ರೋವನ್ ಮರದ ಕಿತ್ತಳೆ-ಕೆಂಪು ಕಾಯಿಯೂ ಹೀಗೇ. ಹಸಿಯಲ್ಲಿ ಹೊಟ್ಟೆ ಕೆಡಿಸುವ ಪ್ಯಾರಾಸೋರ್ಬಿಕ್ ಆಮ್ಲ, ಬೇಯಿಸಿದಾಗ ನಿರುಪದ್ರವಿ ಸೋರ್ಬಿಕ್ ಆಮ್ಲವಾಗುತ್ತದೆ. ಇಂದು ಆಹಾರ ಕೆಡದಿರಲೆಂದು ಕಾರ್ಖಾನೆಗಳು ಬೆರೆಸುವ ಸೋರ್ಬಿಕ್ ಆಮ್ಲ ಮೊದಲು ಸಿಕ್ಕಿದ್ದೇ ಈ ಕಾಯಿಯ ಎಣ್ಣೆಯಿಂದ, 1859ರಲ್ಲಿ.

ಕಾಡುಗುಲಾಬಿಯ ಕಾಯಿ ತಿಂದರೆ ಗಂಟಲು ಕೆರೆಯುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಒಳಗಿನ ಬೀಜದ ಸುತ್ತ ನವಿರಾದ ಕೂದಲಿದೆ; ಬಾಯಿ, ಗಂಟಲು, ಕರುಳು ಎಲ್ಲಕ್ಕೂ ತುರಿಕೆ. ಸಿರಪ್ ಮಾಡುವುದಾದರೆ ಕಾಯಿಗಳನ್ನು ಒರಟಾಗಿ ಜಜ್ಜಿ, ಕುದಿಯುವ ನೀರಿಗೆ ಹಾಕಿ, ಇಳಿಸಿ ಕಾಲು ಗಂಟೆ ಬಿಟ್ಟು, ಎರಡು ಮಡಿಕೆಯ ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆ ತೊಳೆದು ಇನ್ನೊಮ್ಮೆ ಸೋಸಿ. ಹಿಂಡಬೇಡಿ, ತಾನಾಗಿ ತೊಟ್ಟಿಕ್ಕಲಿ. ಆಮೇಲೆ ಸಕ್ಕರೆ.

ಇಷ್ಟು ಪಡಿಪಾಟಲು ಯಾಕೆಂದರೆ ಇದರಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆಯ ಆಮದು ನಿಂತಾಗ ಬ್ರಿಟನ್ ಸರ್ಕಾರ 1941ರಿಂದ ಜನರ ಕೈಯಲ್ಲಿ, ಮಕ್ಕಳ ಕೈಯಲ್ಲೂ, ಬೇಲಿಸಾಲಿನಿಂದ ಈ ಕಾಯಿ ಆಯಿಸಿ ಸಿರಪ್ ಮಾಡಿಸಿತು. ಕುದಿಸಿದಷ್ಟೂ ವಿಟಮಿನ್ ಕಡಿಮೆಯಾಗುತ್ತದೆ, ಅದಕ್ಕೇ ಬೇಗ ಇಳಿಸುವುದು.

ಒಗರು ಹಣ್ಣುಗಳನ್ನು ಏನು ಮಾಡುವುದು?

ಕಾಯಿರಿ, ಬೇಯಿಸಿ, ಇಲ್ಲವೇ ಫ್ರೀಜ್ ಮಾಡಿ. ಒಗರೆಂದರೆ ಟ್ಯಾನಿನ್, ಒಂದೊಂದು ಹಣ್ಣಿಗೆ ಒಂದೊಂದು ಉಪಾಯ.

ಕ್ವಿನ್ಸ್ ಹಸಿಯಲ್ಲಿ ಕಲ್ಲು, ಆದರೆ ಕೋಣೆಯಲ್ಲಿಟ್ಟರೆ ಕೋಣೆಯೇ ಘಮ್ಮೆನ್ನುತ್ತದೆ. ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಸಕ್ಕರೆಪಾಕದಲ್ಲಿ ಬೇಯಿಸಿದರೆ ಬಿಳಿ ತಿರುಳು ನಿಧಾನವಾಗಿ ಗುಲಾಬಿಯಾಗಿ, ಆಮೇಲೆ ಇಟ್ಟಿಗೆ ಕೆಂಪಾಗುತ್ತದೆ. ಬಣ್ಣ ಯಾರೂ ಹಾಕುವುದಲ್ಲ, ಟ್ಯಾನಿನ್ನೇ ಬಿಸಿಯಲ್ಲಿ ಒಡೆದು ಬಣ್ಣವಾಗುವುದು. ಶರತ್ಕಾಲದ ಹಣ್ಣುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಇದಕ್ಕೆ, ಕತ್ತರಿಸುವಾಗ ಕೈ ಸೋತರೂ. ಮೆಡ್ಲರ್ ಎಂಬ ಸಣ್ಣ ಕಂದು ಹಣ್ಣನ್ನು ಗಟ್ಟಿಯಿರುವಾಗ ಕಿತ್ತು, ತೊಟ್ಟು ಮೇಲಾಗಿ ಹಲವು ವಾರ ತಂಪಲ್ಲಿಟ್ಟು, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಮೇಲೆ ತಿನ್ನಬೇಕು. ನೋಡಿದವರು ಕೊಳೆತಿದೆ ಎಂದೇ ಎಸೆಯುತ್ತಾರೆ. ಮೊನಚು ತಳದ ಪರ್ಸಿಮನ್ ಪೂರ್ತಿ ಲೊಳಲೊಳ ಎನ್ನುವವರೆಗೆ ಮುಟ್ಟಬೇಡಿ. ಸೇಬಿನ ಜೊತೆ ಕಾಗದದ ಚೀಲದಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುತ್ತದೆ. ರಾತ್ರಿ ಫ್ರೀಜರ್‌ನಲ್ಲಿಟ್ಟು ಕರಗಿಸಿದರೂ ಒಗರು ಬಹಳಷ್ಟು ಹೋಗುತ್ತದೆ. ದೋರಗಾಯಿಯನ್ನೇ ಖಾಲಿ ಹೊಟ್ಟೆಯಲ್ಲಿ ಬಹಳ ತಿಂದರೆ ಟ್ಯಾನಿನ್ ಹೊಟ್ಟೆಯ ಆಮ್ಲದೊಡನೆ ಸೇರಿ ಗಡ್ಡೆ ಕಟ್ಟುವುದುಂಟು. ಸ್ಲೋಗೆ ಮೊದಲ ಹಿಮ ಬೀಳಲಿ ಎಂದು ಕಾಯುವ ಅಗತ್ಯವಿಲ್ಲ. ಬಲಿತದ್ದನ್ನು ಕಿತ್ತು ಫ್ರೀಜರ್‌ಗೆ ಹಾಕಿದರೆ ಸಿಪ್ಪೆ ತಾನೇ ಬಿರಿಯುತ್ತದೆ.

ಫ್ರೀಜ್ ಮಾಡಿದರೆ ಎಲ್ಲ ಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ಏನು ಮಾಡಲಿ?

ತೊಳೆದು ಒರೆಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಮೊದಲು ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ. ಸೇಬಿನ ಹೋಳು ಕಪ್ಪಾಗದಿರಲು ನಿಂಬೆರಸದ ನೀರಲ್ಲಿ ಅದ್ದಿ. ಮೈನಸ್ 18 ಡಿಗ್ರಿಯಲ್ಲಿ ಮುಂದಿನ ಶರತ್ಕಾಲದವರೆಗೂ ಚೆನ್ನಾಗಿರುತ್ತದೆ. ಡಬ್ಬಿಯ ಮೇಲೆ ಹೆಸರು, ತಿಂಗಳು ಬರೆಯಿರಿ. ಹೆಪ್ಪುಗಟ್ಟಿದ ಪ್ಯೂರಿಗಳೆಲ್ಲ ಒಂದೇ ಥರ ಕಾಣುತ್ತವೆ.

ಒಲೆಯಲ್ಲಿ ಹಣ್ಣು ಒಣಗಿಸಬಹುದೇ?

5 ಮಿಲಿಮೀಟರ್ ದಪ್ಪದ ಬಿಲ್ಲೆ, ಸುಮಾರು 60 ಡಿಗ್ರಿ, ಬಾಗಿಲು ಕೊಂಚ ತೆರೆದ ಓವನ್, 6ರಿಂದ 12 ಗಂಟೆ. ಬಗ್ಗಿಸಿದರೆ ಮುರಿಯದೆ ಬಾಗಬೇಕು, ಹರಿದರೆ ತೇವ ಜಿನುಗಬಾರದು. ಕೂಡಲೇ ಎತ್ತಿಡಬೇಡಿ. ಬಾಟಲಿಯಲ್ಲಿ ಮುಕ್ಕಾಲು ತುಂಬಿ, ಒಂದು ವಾರ ದಿನಾ ಕುಲುಕಿ. ಗಾಜಿನ ಒಳಗೆ ಬೆವರು ಕಂಡರೆ ಮತ್ತೆ ಒಣಗಿಸಿ. ಪೇರ್ ಹೀಗೆ ಒಣಗಿದಾಗ ಹಸಿಗಿಂತ ರುಚಿ.

ಸಿಪ್ಪೆ, ನಡುಗಟ್ಟು ಎಸೆಯಬೇಕೇ?

ಪೆಕ್ಟಿನ್ ಹೆಚ್ಚಿರುವುದೇ ಅಲ್ಲಿ. ಕೊಳೆತ ಭಾಗ ತೆಗೆದು, ಉಳಿದದ್ದನ್ನು ಮುಳುಗುವಷ್ಟು ನೀರಲ್ಲಿ ಒಂದು ಗಂಟೆ ಬೇಯಿಸಿ ಸೋಸಿದರೆ ಪೆಕ್ಟಿನ್ ತುಂಬಿದ ಗಂಜಿ ಸಿಗುತ್ತದೆ, ಬ್ಲ್ಯಾಕ್‌ಬೆರಿ ಜಾಮ್‌ಗೆ ಅದೇ ಸಾಕು. ವಿನೆಗರ್ ಕೂಡ ಮಾಡಬಹುದು: ಸಿಪ್ಪೆ, ನೀರು, ಸ್ವಲ್ಪ ಸಕ್ಕರೆ, ಮೇಲೆ ಬಟ್ಟೆ, ಸಿಪ್ಪೆ ಮುಳುಗಿಯೇ ಇರಲಿ. ಎರಡು ವಾರದ ಮೇಲೆ ಸೋಸಿ, ಇನ್ನೊಂದು ತಿಂಗಳು ಬಿಡಿ. ಇದು ಸಲಾಡ್‌ಗೆ ಸೊಗಸು, ಆದರೆ ಹುಳಿಯ ಪ್ರಮಾಣ ಗೊತ್ತಿಲ್ಲದ್ದರಿಂದ ಬೇರೆ ಆಹಾರ ಕೆಡದಂತೆ ಬಾಟಲಿಗೆ ತುಂಬಲು ಬಳಸಬೇಡಿ. ಅದಕ್ಕೆ 5 ಶೇಕಡಾ ಎಂದು ಅಚ್ಚಾದ ಅಂಗಡಿಯ ವಿನೆಗರ್ ಬೇಕು.

ಸೇಬಿನ ಬೀಜದಲ್ಲಿ ವಿಷ ಇದೆಯಂತೆ?

ಅಮಿಗ್ಡಲಿನ್ ಇದೆ, ಅರೆದರೆ ಸಯನೈಡ್ ಬಿಡುತ್ತದೆ. ಒಂದೆರಡು ಬೀಜ ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುತ್ತದೆ. ಬೀಜ ಸಮೇತ ಸೇಬನ್ನು ಮಿಕ್ಸಿಗೆ ಹಾಕುವ ಅಭ್ಯಾಸ ಬೇಡ. ಪ್ಲಮ್‌ನ ಓಟೆ ಒಡೆದು ಒಳಗಿನ ತಿರುಳು ತಿನ್ನುವುದೂ ಬೇಡ.

ಚೆಸ್ಟ್‌ನಟ್ ಎಂದು ತಂದದ್ದು ಕಹಿಯಾಗಿದೆ. ಏಕೆ?

ಅದು ಹಾರ್ಸ್ ಚೆಸ್ಟ್‌ನಟ್ ಇರಬೇಕು; ಉಗಿಯಿರಿ, ಅದು ವಿಷ. ತಿನ್ನುವ ಚೆಸ್ಟ್‌ನಟ್‌ನ ಹೊರಕವಚದ ತುಂಬ ಸೂಜಿಯಂಥ ಒತ್ತಾದ ಮುಳ್ಳು, ಕಾಯಿಗೆ ಒಂದು ಕಡೆ ಚೂಪು ತುದಿ. ಹಾರ್ಸ್ ಚೆಸ್ಟ್‌ನಟ್‌ನ ಕವಚ ದಪ್ಪ, ಮುಳ್ಳು ಅಲ್ಲೊಂದು ಇಲ್ಲೊಂದು, ಕಾಯಿ ಗುಂಡಗೆ ನುಣ್ಣಗೆ, ತುದಿಯೇ ಇಲ್ಲ. ಸರಿಯಾದದ್ದು ಸಿಕ್ಕಿದರೆ ಸುಡುವ ಮುನ್ನ ಸಿಪ್ಪೆಗೆ ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ.

ಕೈಗೆಟುಕದ ಹಣ್ಣನ್ನೂ ಇಳಿಸಬೇಕೇ?

ಬೇಕಿಲ್ಲ. ತುದಿಯ ಹಣ್ಣು ಚಳಿಗಾಲದ ಹಕ್ಕಿಗಳಿಗೆ ಊಟ. ಬೇಲಿಸಾಲಿನಲ್ಲೂ ಒಂದೇ ಪೊದೆಯನ್ನು ಬೋಳು ಮಾಡದೆ ಹತ್ತು ಪೊದೆಯಿಂದ ಸ್ವಲ್ಪ ಸ್ವಲ್ಪ ಆಯಿರಿ. ಆದರೆ ಸೇಬು, ಪ್ಲಮ್ ಮರದಲ್ಲಿ ಸುಕ್ಕುಗಟ್ಟಿ ಒಣಗಿ ಅಂಟಿಕೊಂಡ, ಕಂದು ಕೊಳೆರೋಗದ ಹಣ್ಣು ಇದ್ದರೆ ಅದನ್ನು ಮಾತ್ರ ಕೋಲಿನಿಂದಾದರೂ ಬೀಳಿಸಿ ತೆಗೆದುಹಾಕಿ. ಶಿಲೀಂಧ್ರ ಅದರೊಳಗೇ ಚಳಿಗಾಲ ಕಳೆದು ಮುಂದಿನ ಫಸಲಿಗೆ ಹಬ್ಬುತ್ತದೆ.